ನಡುವಿನ ನಿಲ್ದಾಣದಲ್ಲಿ ವಿಮಾನ ತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ಮಂಗಳೂರಿನಿಂದಾಗಲಿ ಉಡುಪಿಯಿಂದಾಗಲಿ ಅಮೆರಿಕ, ಕೆನಡಾ, ಯುರೋಪು ಕಡೆಗೆ ಹೊರಡುವವರು ದಾರಿಯಲ್ಲಿ ಎಲ್ಲಾದರೂ ವಿಮಾನ ಬದಲಿಸಲೇಬೇಕು. ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜಪೆಯಿಂದ ವಿದೇಶಕ್ಕೆ ಹಾರುವ ವಿಮಾನಗಳು ಹೆಚ್ಚಾಗಿ ದುಬೈ, ಅಬುಧಾಬಿ ಮುಂತಾದ ಕೊಲ್ಲಿಯ ಊರುಗಳಿಗೆ ಹೋಗುತ್ತವೆ; ಅಲ್ಲಿಂದ ಮುಂದಕ್ಕೆ ಇನ್ನೊಂದು ವಿಮಾನ. ಬೆಂಗಳೂರು ಅಥವಾ ಮುಂಬಯಿಯ ಮೂಲಕ ಹೋದರೆ ಒಂದು ಬದಲಾವಣೆ ನಮ್ಮ ದೇಶದಲ್ಲೇ ಆಗುತ್ತದೆ, ಎರಡನೆಯದು ಅನೇಕ ಸಲ ಹೊರದೇಶದಲ್ಲಿ ಆಗುತ್ತದೆ. ಹೀಗೆ ಹೋಗುವವರಲ್ಲಿ ಮಗಳ ಬಾಣಂತನಕ್ಕೆಂದೋ ಮೊಮ್ಮಗುವನ್ನು ನೋಡಿಕೊಳ್ಳಲೆಂದೋ ಹೊರಟ ಹಿರಿಯರು ನಮ್ಮ ಕಡೆ ಬಹಳ ಮಂದಿ ಇದ್ದಾರೆ. ಹೊರಡುವಾಗ ಬೀಳ್ಕೊಡಲು ಮನೆಮಂದಿ ಬರುತ್ತಾರೆ, ತಲುಪಿದ ಊರಿನಲ್ಲಿ ಮಕ್ಕಳು ಕಾದಿರುತ್ತಾರೆ. ಜೊತೆಗೆ ಯಾರೂ ಇಲ್ಲದ್ದು ನಡುವಿನ ಆ ನಿಲ್ದಾಣದಲ್ಲಿ ಮಾತ್ರ.

ನಿವೃತ್ತಿಯ ಬಳಿಕ ನಾನೂ ನನ್ನ ಹೆಂಡತಿಯೂ ಈ ದಾರಿಯಲ್ಲಿ ಹಲವು ಬಾರಿ ಹೋಗಿಬಂದಿದ್ದೇವೆ. ಉಡುಪಿಯ ನಮ್ಮ ಮನೆಯ ಚಾವಡಿಯಲ್ಲಿ ಕುಳಿತು ನೆರೆಹೊರೆಯವರ ಟಿಕೆಟುಗಳನ್ನು ಸಾಲು ಸಾಲಾಗಿ ಓದಿ ವಿವರಿಸಿದ್ದೂ ಇದೆ. ಅದರಿಂದ ನನಗೆ ಮನವರಿಕೆಯಾಗಿರುವುದು ಇಷ್ಟು: ಸಂಪರ್ಕ ವಿಮಾನ ತಪ್ಪಿದ ಹೆಚ್ಚಿನ ಪ್ರಸಂಗಗಳ ಬೇರು ಟಿಕೆಟ್ ಕೊಂಡ ದಿನದಲ್ಲಿರುತ್ತದೆ, ಇಲ್ಲವೇ ವಿಮಾನದಿಂದ ಇಳಿದ ಮೊದಲ ಹತ್ತು ನಿಮಿಷಗಳಲ್ಲಿರುತ್ತದೆ. ಹಾಗಾಗಿ ಈ ಎರಡರ ಬಗ್ಗೆಯೇ ಇಲ್ಲಿ ಹೆಚ್ಚು ಹೇಳುತ್ತೇನೆ.

ಟಿಕೆಟ್ ಕೊಳ್ಳುವಾಗ

ಮೊದಲಿಗೆ ನೋಡಬೇಕಾದದ್ದು ಇಡೀ ಪ್ರಯಾಣ ಒಂದೇ ಟಿಕೆಟಿನಲ್ಲಿದೆಯೇ ಎಂಬುದನ್ನು. ಬಜಪೆಯಿಂದ ಕೊನೆಯ ಊರಿನವರೆಗೆ ಒಂದೇ ಬುಕಿಂಗ್ ಆಗಿದ್ದರೆ ಆರು ಅಕ್ಷರ-ಅಂಕಿಗಳ ಒಂದೇ ಪಿಎನ್‌ಆರ್ ಸಂಖ್ಯೆಯ ಕೆಳಗೆ ಎಲ್ಲ ವಿಮಾನಗಳೂ ಕಾಣಿಸಿಕೊಳ್ಳುತ್ತವೆ. ಆಗ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನದಲ್ಲಿ ಜಾಗ ಮಾಡಿಕೊಡುವ ಹೊಣೆ ವಿಮಾನ ಕಂಪನಿಯದು. ಹಣ ಉಳಿಯುತ್ತದೆಂದು ಮಂಗಳೂರಿನಿಂದ ದುಬೈಗೆ ಒಂದು ಟಿಕೆಟ್, ದುಬೈಯಿಂದ ಮುಂದಕ್ಕೆ ಬೇರೆ ಕಂಪನಿಯ ಇನ್ನೊಂದು ಟಿಕೆಟ್ ತೆಗೆದರೆ, ಎರಡೂ ಕಂಪನಿಗಳ ಲೆಕ್ಕದಲ್ಲಿ ನೀವು ಬೇರೆ ಬೇರೆ ಪ್ರಯಾಣಿಕರು. ಮೊದಲನೆಯದು ಎಷ್ಟು ತಡವಾದರೂ ಎರಡನೆಯ ಕಂಪನಿಗೆ ಅದರ ಗೊಡವೆಯಿಲ್ಲ. ಗೇಟಿಗೆ ಬಾರದ ಪ್ರಯಾಣಿಕರೆಂದು ಬರೆದುಕೊಂಡು ಟಿಕೆಟ್ ರದ್ದು ಮಾಡುತ್ತದೆ.

ಬೇರೆ ಬೇರೆ ಟಿಕೆಟಿನಲ್ಲಿ ಇನ್ನೂ ದೊಡ್ಡ ತೊಡಕೊಂದಿದೆ. ಲಗೇಜು ದುಬೈವರೆಗೆ ಮಾತ್ರ ಹೋಗುತ್ತದೆ. ಅದನ್ನು ಬೆಲ್ಟಿನಿಂದ ಎತ್ತಿಕೊಳ್ಳಲು ನೀವು ಆ ದೇಶದ ಇಮಿಗ್ರೇಷನ್, ಅಂದರೆ ದೇಶದೊಳಗೆ ಬಿಡುವ ತಪಾಸಣೆ, ದಾಟಿ ಹೊರಗೆ ಬರಬೇಕು, ಅದಕ್ಕೆ ವೀಸಾ ಬೇಕು. ವೀಸಾ ಇಲ್ಲದವರನ್ನು ಬಜಪೆಯ ಕೌಂಟರಿನಲ್ಲೇ ತಡೆದು ನಿಲ್ಲಿಸುವ ಸಂಭವವಿದೆ. ದುಬೈಯ ಎರಡನೆಯ ಟರ್ಮಿನಲ್ ರನ್‌ವೇಗಳ ಒಂದು ಬದಿಯಲ್ಲಿದ್ದರೆ ಒಂದನೆಯದೂ ಮೂರನೆಯದೂ ಇನ್ನೊಂದು ಬದಿಯಲ್ಲಿವೆ; ನಡೆದು ದಾಟುವ ಹಾದಿಯಿಲ್ಲ. ಹಿರಿಯರಿಗೆ, ಮೊದಲ ಬಾರಿ ಹೋಗುವವರಿಗೆ, ಮಗುವನ್ನು ಎತ್ತಿಕೊಂಡು ಹೋಗುವ ತಾಯಂದಿರಿಗೆ ಪ್ರತ್ಯೇಕ ಟಿಕೆಟ್ ತೆಗೆಯಲೇಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಉಳಿಸಿದ ಹಣದ ಹಲವು ಪಟ್ಟು ಒಂದೇ ರಾತ್ರಿಯಲ್ಲಿ ಹೋಗಿಬಿಡಬಹುದು.

ಎರಡನೆಯದು ಸಮಯದ ಲೆಕ್ಕ. ಪ್ರತಿಯೊಂದು ನಿಲ್ದಾಣಕ್ಕೂ ಕನಿಷ್ಠ ಸಂಪರ್ಕ ಸಮಯವೆಂದು ಗೊತ್ತುಮಾಡಿರುತ್ತಾರೆ ಮತ್ತು ಅದಕ್ಕಿಂತ ಕಡಿಮೆ ಅಂತರವಿರುವ ವಿಮಾನಗಳನ್ನು ಕಂಪನಿಗಳು ಒಂದೇ ಟಿಕೆಟಿನಲ್ಲಿ ಮಾರುವುದಿಲ್ಲ. ಆದರೆ ಅದು ಎಲ್ಲವೂ ಸರಿಯಾಗಿ ನಡೆದ ದಿನ, ದಾರಿ ಗೊತ್ತಿದ್ದು ಚುರುಕಾಗಿ ನಡೆಯುವವರಿಗೆ ಸಾಕಾಗುವ ಸಮಯ. ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡೋಣ. ವಿಮಾನ ಹತ್ತು ಗಂಟೆಗೆ ಬರುತ್ತದೆ, ಮುಂದಿನದು ಹನ್ನೊಂದೂವರೆಗೆ ಹೊರಡುತ್ತದೆ. ಕಾಗದದ ಮೇಲೆ ತೊಂಬತ್ತು ನಿಮಿಷ. ವಿಮಾನ ನೆಲ ಮುಟ್ಟಿ, ತನ್ನ ಜಾಗಕ್ಕೆ ಬಂದು ನಿಂತು, ಮುಂದಿನ ಸಾಲಿನವರೆಲ್ಲ ಇಳಿದು ನಿಮ್ಮ ಸರದಿ ಬರುವಾಗ ಹತ್ತೂ ಇಪ್ಪತ್ತಾಗುತ್ತದೆ. ಬಸ್ಸಿನಲ್ಲಿ ಕರೆದೊಯ್ಯುವುದಾದರೆ ಇನ್ನೂ ಹತ್ತು ನಿಮಿಷ. ಅತ್ತ ಗೇಟು ಸಾಮಾನ್ಯವಾಗಿ ವಿಮಾನ ಹೊರಡುವ ಇಪ್ಪತ್ತು ನಿಮಿಷ ಮೊದಲೇ ಮುಚ್ಚುತ್ತದೆ, ಅಂದರೆ ಹನ್ನೊಂದೂ ಹತ್ತಕ್ಕೆ. ನಿಮ್ಮ ಕೈಯಲ್ಲಿ ಉಳಿದದ್ದು ನಲವತ್ತರಿಂದ ಐವತ್ತು ನಿಮಿಷ, ಅದರಲ್ಲೇ ಭದ್ರತಾ ತಪಾಸಣೆಯ ಸಾಲೂ ಶೌಚಾಲಯವೂ ಸೇರಿವೆ. ಅರವತ್ತು ದಾಟಿದವರಿಗೆ ಮೂರು ಗಂಟೆ ಇರಲಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ನಾಲ್ಕು ಗಂಟೆಯಾದರೆ ಒಂದು ಲೋಟ ಚಹಾ ಕುಡಿದು ಸಾವಧಾನವಾಗಿ ಹೋಗಬಹುದು. ಎಂಟು ಗಂಟೆ ಮೀರಿದರೆ ಮೈ ಸೋಲುತ್ತದೆ, ಕುರ್ಚಿಯಲ್ಲಿ ಕಣ್ಣು ಮುಚ್ಚಿ ನಿದ್ದೆಗೆ ಜಾರಿ ವಿಮಾನ ತಪ್ಪಿಸಿಕೊಳ್ಳುವ ಅಪಾಯವೂ ಇದೆ.

ಟಿಕೆಟಿನಲ್ಲಿರುವ ಗಂಟೆಗಳೆಲ್ಲ ಆಯಾ ಊರಿನ ಗಂಟೆಗಳು. ದುಬೈ ನಮ್ಮ ಗಡಿಯಾರಕ್ಕಿಂತ ಒಂದೂವರೆ ಗಂಟೆ ಹಿಂದೆ, ದೋಹಾ ಎರಡೂವರೆ ಗಂಟೆ ಹಿಂದೆ. ಗಂಟೆಯ ಪಕ್ಕದಲ್ಲಿ ಕೂಡಿಸುವ ಚಿಹ್ನೆಯೊಂದಿಗೆ ಒಂದು ಎಂದು ಸಣ್ಣದಾಗಿ ಅಚ್ಚಾಗಿದ್ದರೆ ಅದು ಮರುದಿನದ ಗಂಟೆ. ಇದಕ್ಕಿಂತಲೂ ಮೋಸ ಹೋಗುವುದು ಮಧ್ಯರಾತ್ರಿಯ ನಂತರದ ವಿಮಾನಗಳಲ್ಲಿ. ಹದಿನೈದನೆಯ ತಾರೀಕು 00:30 ಎಂದಿದ್ದರೆ ಮನೆಯಿಂದ ಹೊರಡಬೇಕಾದದ್ದು ಹದಿನಾಲ್ಕರ ಸಂಜೆ. ಇದನ್ನು ಕ್ಯಾಲೆಂಡರಿನಲ್ಲಿ ಹದಿನಾಲ್ಕರ ಚೌಕದಲ್ಲೇ ಬರೆದಿಡಿ.

ಊರಿನ ಹೆಸರು ಒಂದೇ ಇದ್ದರೂ ನಿಲ್ದಾಣ ಬೇರೆಯಾಗಿರಬಹುದು. ಲಂಡನ್ನಿನಲ್ಲಿ ಹೀಥ್ರೋ, ಗ್ಯಾಟ್ವಿಕ್ ಇವೆ. ಪ್ಯಾರಿಸ್ಸಿನಲ್ಲಿ ಷಾರ್ಲ್ ದ ಗಾಲ್, ಓರ್ಲಿ. ಇಸ್ತಾಂಬುಲ್, ಟೋಕಿಯೊ, ನ್ಯೂಯಾರ್ಕ್ ಊರುಗಳಲ್ಲೂ ಹೀಗೆಯೇ. ಬಂದಿಳಿಯುವ ನಿಲ್ದಾಣದ ಮೂರಕ್ಷರದ ಸಂಕೇತವೂ ಮತ್ತೆ ಹೊರಡುವ ನಿಲ್ದಾಣದ ಸಂಕೇತವೂ ಒಂದೇ ಆಗಿವೆಯೇ ಎಂದು ಟಿಕೆಟಿನ ಎರಡು ಸಾಲುಗಳನ್ನು ಹೋಲಿಸಿ ನೋಡಿದರೆ ಸಾಕು. ನಮ್ಮ ಮಂಗಳೂರಿನ ಸಂಕೇತ ಐಎಕ್ಸ್‌ಇ, ಬೆಂಗಳೂರಿನದು ಬಿಎಲ್‌ಆರ್, ದುಬೈಯದು ಡಿಎಕ್ಸ್‌ಬಿ.

ನಡುವಿನ ದೇಶದ ವೀಸಾ

ವಿಮಾನ ಬದಲಿಸುವುದಕ್ಕಷ್ಟೇ ಇಳಿಯುವುದಲ್ಲವೇ, ವೀಸಾ ಏಕೆ ಎಂದು ಕೇಳುವವರಿದ್ದಾರೆ. ಉತ್ತರ ದೇಶದಿಂದ ದೇಶಕ್ಕೆ ಬೇರೆ. ಕೊಲ್ಲಿಯ ದೊಡ್ಡ ನಿಲ್ದಾಣಗಳಲ್ಲಿ ಒಂದೇ ಟಿಕೆಟಿನ ಪ್ರಯಾಣಿಕರು ಒಳಗಿನಿಂದೊಳಗೇ ಗೇಟು ಬದಲಿಸುವುದಾದರೆ ವೀಸಾ ಬೇಕಾಗುವುದಿಲ್ಲ. ಬ್ರಿಟನ್ನಿನಲ್ಲಿ ಒಳಗಿನಿಂದೊಳಗೇ ಹೋದರೂ ಭಾರತದ ಪಾಸ್‌ಪೋರ್ಟಿನವರಿಗೆ ಟ್ರಾನ್ಸಿಟ್ ವೀಸಾ ಬೇಕೆಂಬ ನಿಯಮವಿದೆ. ಅಮೆರಿಕ, ಕೆನಡಾ ಮುಂತಾದ ಕೆಲವು ದೇಶಗಳ ಚಾಲ್ತಿಯಲ್ಲಿರುವ ವೀಸಾ ಕೈಯಲ್ಲಿದ್ದವರಿಗೆ ಷರತ್ತುಗಳೊಂದಿಗೆ ವಿನಾಯಿತಿ ಇದೆ. ಯುರೋಪಿನಲ್ಲಿ ಒಂದೇ ವೀಸಾ ನಡೆಯುವ ಷೆಂಗೆನ್ ವಲಯದ ದೇಶಗಳಲ್ಲಿ ಎರಡು ಕಡೆ ಇಳಿಯುವ ದಾರಿ, ಉದಾಹರಣೆಗೆ ಪ್ಯಾರಿಸ್ಸಿನಲ್ಲಿ ಇಳಿದು ಅಲ್ಲಿಂದ ಫ್ರಾಂಕ್‌ಫರ್ಟಿಗೆ, ಮತ್ತೆ ಅಲ್ಲಿಂದ ಅಮೆರಿಕಕ್ಕೆ ಎಂಬಂಥ ದಾರಿ, ನಮ್ಮವರಿಗೆ ಷೆಂಗೆನ್ ವೀಸಾ ಇಲ್ಲದೆ ಸಾಧ್ಯವಿಲ್ಲ, ಏಕೆಂದರೆ ಪ್ಯಾರಿಸ್ಸಿನಿಂದ ಫ್ರಾಂಕ್‌ಫರ್ಟಿಗೆ ಹೋಗುವುದು ಆ ವಲಯದ ಒಳಗಿನ ಪ್ರಯಾಣವೆಂದು ಲೆಕ್ಕ. ಈ ನಿಯಮಗಳು ಆಗಾಗ ಬದಲಾಗುವುದರಿಂದ ಟಿಕೆಟಿಗೆ ಹಣ ಕಟ್ಟುವ ಮೊದಲೇ ಆಯಾ ದೇಶದ ರಾಯಭಾರ ಕಚೇರಿಯ ಜಾಲತಾಣವನ್ನು ನೋಡಬೇಕು. ಟ್ರಾವೆಲ್ ಏಜೆಂಟರ ಬಾಯಿಮಾತನ್ನಷ್ಟೇ ನಂಬುವುದು ಬೇಡ.

ಅಮೆರಿಕದ ಕ್ರಮ ಎಲ್ಲಕ್ಕಿಂತ ಭಿನ್ನ. ಆ ದೇಶದಲ್ಲಿ ನೀವು ಇಳಿಯುವ ಮೊದಲ ನಿಲ್ದಾಣದಲ್ಲೇ ಇಮಿಗ್ರೇಷನ್ ಮುಗಿಸಿ, ಲಗೇಜನ್ನು ಬೆಲ್ಟಿನಿಂದ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಅಲ್ಲೇ ಇರುವ ಕೌಂಟರಿಗೆ ಒಪ್ಪಿಸಿ, ಪುನಃ ಭದ್ರತಾ ತಪಾಸಣೆಗೆ ನಿಲ್ಲಬೇಕು. ಲಗೇಜಿಗೆ ಕೊನೆಯ ಊರಿನವರೆಗೆ ಟ್ಯಾಗ್ ಹಾಕಿದ್ದರೂ ಸಾಮಾನ್ಯವಾಗಿ ಇದು ತಪ್ಪುವುದಿಲ್ಲ. ಹಾಗಾಗಿ ಅಮೆರಿಕದೊಳಗೆ ವಿಮಾನ ಬದಲಿಸುವವರು ನಡುವೆ ಮೂರು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬಾರದು. ಅಬುಧಾಬಿಯಿಂದ ಅಮೆರಿಕಕ್ಕೆ ಹೋಗುವವರಿಗೆ ಒಂದು ಅನುಕೂಲವಿದೆ: ಅಮೆರಿಕದ ಇಮಿಗ್ರೇಷನ್ ಅಬುಧಾಬಿಯಲ್ಲೇ ಮುಗಿಯುತ್ತದೆ, ಅತ್ತ ಇಳಿದ ಮೇಲೆ ದೇಶದೊಳಗಿನ ಪ್ರಯಾಣಿಕರಂತೆ ನಡೆದುಹೋಗಬಹುದು. ಆದರೆ ಆ ಸಾಲಿಗೆ ಬೇಕಾದ ಸಮಯವನ್ನು ಅಬುಧಾಬಿಯ ಲೆಕ್ಕದಲ್ಲೇ ಸೇರಿಸಿಕೊಳ್ಳಬೇಕು.

ಊರಿನಿಂದ ಹೊರಡುವಾಗ

ಮಂಗಳೂರಿನವರು ಮರೆಯಬಾರದ ಸಂಗತಿ ಮಳೆಗಾಲ. ಬಜಪೆಯ ರನ್‌ವೇ ಗುಡ್ಡದ ಮೇಲಿನ ರನ್‌ವೇ; ಜೂನ್, ಜುಲೈ ತಿಂಗಳ ಜಡಿಮಳೆಯಲ್ಲಿ ದಾರಿ ಕಾಣದೆ ಬರುವ ವಿಮಾನವನ್ನು ಬೇರೆ ಊರಿಗೆ ತಿರುಗಿಸುವುದು ಹೊಸತೇನಲ್ಲ. ಅದೇ ವಿಮಾನದಲ್ಲಿ ನೀವು ಬೆಂಗಳೂರಿಗೋ ಮುಂಬಯಿಗೋ ಹೋಗಬೇಕಾಗಿದ್ದರೆ ಅಲ್ಲಿನ ರಾತ್ರಿಯ ವಿಮಾನ ಕೈತಪ್ಪುತ್ತದೆ. ರಸ್ತೆಯ ಮೂಲಕ ಬೆಂಗಳೂರಿಗೆ ಹೋಗುತ್ತೇವೆಂದರೆ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತ ಮಳೆಗಾಲಗಳನ್ನು ನಾವೆಲ್ಲ ಕಂಡಿದ್ದೇವೆ. ಆ ತಿಂಗಳುಗಳಲ್ಲಿ ಹೊರಡುವವರು ಒಂದು ದಿನ ಮೊದಲೇ ಬೆಂಗಳೂರು ತಲುಪಿ ನೆಂಟರ ಮನೆಯಲ್ಲೋ ವಸತಿಗೃಹದಲ್ಲೋ ಉಳಿದುಕೊಳ್ಳುವುದೇ ಕ್ಷೇಮ. ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರಿನಿಂದ ಅಂತರರಾಷ್ಟ್ರೀಯ ವಿಮಾನಗಳು ಎರಡನೆಯ ಟರ್ಮಿನಲ್‌ನಿಂದ ಹೊರಡುತ್ತಿವೆ. ಮಂಗಳೂರಿನಿಂದ ಹೋದ ವಿಮಾನ ಒಂದನೆಯ ಟರ್ಮಿನಲ್‌ನಲ್ಲಿ ಇಳಿಸಿದರೆ ಹೊರಗೆ ಬಂದು ಬಸ್ಸು ಹಿಡಿಯಬೇಕಾಗುತ್ತದೆ. ಉಡುಪಿಯಿಂದ ಬಜಪೆಗೆ ಹೋಗುವವರೂ ಹೆದ್ದಾರಿಯಲ್ಲಿ ಸುರತ್ಕಲ್ ಆಸುಪಾಸಿನ ವಾಹನ ದಟ್ಟಣೆಗೆಂದು ಹೆಚ್ಚುವರಿ ಅರ್ಧ ಗಂಟೆ ಇಟ್ಟುಕೊಳ್ಳಬೇಕು.

ಕೈಚೀಲದಲ್ಲಿ ಏನಿರಬೇಕು ಎನ್ನುವುದಕ್ಕಿಂತ ಏನಿರಬಾರದು ಎನ್ನುವುದೇ ನಮ್ಮ ಕಡೆಯವರಿಗೆ ಮುಖ್ಯ. ನಡುವಿನ ನಿಲ್ದಾಣದಲ್ಲಿ ಮತ್ತೊಮ್ಮೆ ಭದ್ರತಾ ತಪಾಸಣೆ ನಡೆಯುತ್ತದೆ. ಸಾಮಾನ್ಯ ನಿಯಮದಂತೆ ನೂರು ಮಿಲಿಲೀಟರಿಗಿಂತ ದೊಡ್ಡ ಪಾತ್ರೆಯಲ್ಲಿರುವ ದ್ರವ ಪದಾರ್ಥವನ್ನು ಅಲ್ಲಿ ಬಿಡುವುದಿಲ್ಲ. ಮಿಡಿ ಉಪ್ಪಿನಕಾಯಿ, ತುಪ್ಪ, ಜೇನು, ಕಾಯಿಸಿದ ಎಣ್ಣೆ ಇವೆಲ್ಲ ಅವರ ಲೆಕ್ಕದಲ್ಲಿ ದ್ರವವೇ. ಒಮ್ಮೆ ನಮ್ಮ ಮುಂದೆ ನಿಂತಿದ್ದ ಹೆಂಗಸೊಬ್ಬರು, ಮಗಳ ಬಾಣಂತನಕ್ಕೆಂದು ಮನೆಯಲ್ಲಿ ಕಾಯಿಸಿ ಸ್ಟೀಲಿನ ಡಬ್ಬಿಯಲ್ಲಿ ತುಂಬಿ ಬಾಯಿಗೆ ಬಟ್ಟೆ ಬಿಗಿದು ತಂದಿದ್ದ ತುಪ್ಪವನ್ನು ಸಿಬ್ಬಂದಿಯ ಕೈಗೆ ಕೊಡಬೇಕಾಗಿ ಬಂದು, ಖಾಲಿ ಟ್ರೇಯನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತೇ ಇದ್ದರು. ತುಪ್ಪ ಒಯ್ಯಲೇಬೇಕಾದರೆ ಕಂಪನಿಯ ನಿಯಮ ಕೇಳಿ ತಿಳಿದು, ಸೋರದಂತೆ ಕಟ್ಟಿ, ದೊಡ್ಡ ಲಗೇಜಿನಲ್ಲಿಡಿ. ಒಣ ಕೊಬ್ಬರಿಯಲ್ಲಿ ಎಣ್ಣೆಯಿದ್ದು ಬೆಂಕಿ ಹತ್ತಿಕೊಳ್ಳುವ ವಸ್ತುವೆಂದು ಅದನ್ನು ಲಗೇಜಿನಲ್ಲಿ ಬಿಡುವುದಿಲ್ಲ. ಪವರ್ ಬ್ಯಾಂಕ್ ಇರಬೇಕಾದದ್ದು ಕೈಚೀಲದಲ್ಲೇ, ಲಗೇಜಿನಲ್ಲಿ ಅಲ್ಲ.

ಕೊಲ್ಲಿಯ ಮೂಲಕ ಹೋಗುವವರು ಗಸಗಸೆಯನ್ನು ಯಾವ ಚೀಲದಲ್ಲೂ ಇಡಬಾರದು. ನಮ್ಮ ಅಡುಗೆಮನೆಯಲ್ಲಿ ಪಾಯಸಕ್ಕೆ ಹಾಕುವ ಈ ಕಾಳು ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯ, ಕತಾರ್ ದೇಶಗಳಲ್ಲಿ ನಿಷಿದ್ಧ ವಸ್ತು. ತಿಳಿಯದೆ ತಂದೆವೆಂದರೆ ಕಾನೂನು ಕೇಳುವುದಿಲ್ಲ. ಎಲೆ ಅಡಿಕೆಯ ಚೀಲವನ್ನೂ ಮನೆಯಲ್ಲೇ ಬಿಟ್ಟುಹೋಗಿ. ಟ್ರಮಡಾಲ್, ಕೋಡೀನ್ ಇರುವ ನೋವಿನ ಮಾತ್ರೆ, ಕೆಮ್ಮಿನ ಔಷಧಿಗಳ ಮೇಲೂ ಅಲ್ಲಿ ಕಟ್ಟುನಿಟ್ಟಾದ ನಿಯಂತ್ರಣವಿದೆ. ನಿತ್ಯ ಸೇವಿಸುವ ಔಷಧಿಗಳನ್ನು ಅವುಗಳ ಮೂಲ ಪ್ಯಾಕಿನಲ್ಲೇ ಇಟ್ಟು, ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿ ಒಯ್ಯಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಎಂದೂ ಲಗೇಜಿಗೆ ಹಾಕಬಾರದು.

ನಡೆಯಲು ಕಷ್ಟವಿರುವವರಿಗೆ ಗಾಲಿಕುರ್ಚಿಯ ನೆರವು ವಿಮಾನ ಕಂಪನಿಗಳಲ್ಲಿದೆ. ಪ್ರಯಾಣಕ್ಕೆ ಕನಿಷ್ಠ ನಲವತ್ತೆಂಟು ಗಂಟೆ ಮೊದಲು ಕೋರಿಕೆ ಸಲ್ಲಿಸಿ, ಟಿಕೆಟಿನಲ್ಲಿ ಎಲ್ಲ ವಿಮಾನಗಳಿಗೂ ಅದು ನಮೂದಾಗಿದೆಯೇ ಎಂದು ನೋಡಿಕೊಳ್ಳಬೇಕು. ಮಂಡಿ ನೋವಿರುವ ಎಷ್ಟೋ ಮಂದಿ ಸಂಕೋಚದಿಂದ ಇದನ್ನು ಬೇಡವೆನ್ನುತ್ತಾರೆ. ಸಂಕೋಚ ಬೇಡ ಎಂದು ಅವರಲ್ಲಿ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ದೊಡ್ಡ ನಿಲ್ದಾಣಗಳಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೆ ಒಂದು ಮೈಲಿಯಷ್ಟು ನಡೆಯಬೇಕಾಗಿ ಬರಬಹುದು.

ಬಜಪೆಯ ಕೌಂಟರಿನಲ್ಲಿ ಎರಡು ಕೇಳಿಕೆಗಳನ್ನು ಮಾಡಿಯೇ ಮುಂದೆ ಹೋಗಬೇಕು. ಮುಂದಿನ ಎಲ್ಲ ವಿಮಾನಗಳ ಬೋರ್ಡಿಂಗ್ ಪಾಸ್ ಇಲ್ಲೇ ಕೊಡುತ್ತೀರಾ? ಲಗೇಜು ಎಲ್ಲಿಯವರೆಗೆ ಹೋಗುತ್ತದೆ? ಬಾಯಿಮಾತಿನ ಉತ್ತರದೊಂದಿಗೆ ತೃಪ್ತರಾಗದೆ, ಲಗೇಜಿನ ಹಿಡಿಗೆ ಸುತ್ತಿದ ಬಿಳಿ ಪಟ್ಟಿಯನ್ನು ಅದು ಬೆಲ್ಟಿನ ಮೇಲೆ ಸರಿದುಹೋಗುವ ಮೊದಲು ಓದಿ. ದಪ್ಪ ಅಕ್ಷರದಲ್ಲಿರುವ ಮೂರಕ್ಷರ ನಿಮ್ಮ ಕೊನೆಯ ಊರಿನದಾಗಿರಬೇಕು; ನಡುವಿನ ಊರುಗಳ ಹೆಸರು ಅದರೊಂದಿಗೆ ಸಣ್ಣದಾಗಿ ಇರುತ್ತವೆ. ಅದರ ತುಂಡೊಂದನ್ನು ಬೋರ್ಡಿಂಗ್ ಪಾಸಿಗೆ ಅಂಟಿಸಿ ಕೊಡುತ್ತಾರೆ. ಹತ್ತು ಅಂಕಿಗಳ ಆ ಸಂಖ್ಯೆಯೇ ಮುಂದೆ ಲಗೇಜು ಬಾರದಿದ್ದರೆ ನಿಮ್ಮ ಬಳಿಯಿರುವ ಏಕೈಕ ಆಧಾರ, ಕಳೆದುಕೊಳ್ಳಬೇಡಿ.

ಮೊಬೈಲಿನಲ್ಲಿ ಎಲ್ಲವೂ ಇದ್ದರೂ ಒಂದು ಕಾಗದ ಜೊತೆಗಿರಲಿ. ಅದರ ಮೇಲೆ ಮಗಳಿಂದಲೋ ಮಗನಿಂದಲೋ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ನಿಮ್ಮ ಹೆಸರು, ಎರಡೂ ವಿಮಾನಗಳ ಸಂಖ್ಯೆ, ಹೊರಡುವ ಗಂಟೆ, ಮಕ್ಕಳ ಫೋನ್ ಸಂಖ್ಯೆ, ಜೊತೆಗೆ ಇವರಿಗೆ ಮುಂದಿನ ಗೇಟು ತೋರಿಸಿ ಎಂಬ ಒಂದು ವಾಕ್ಯವನ್ನು ಬರೆಸಿಕೊಳ್ಳಿ. ಇಂಗ್ಲಿಷ್ ಬಾರದವರು ಈ ಕಾಗದವನ್ನು ಮುಂದೆ ಹಿಡಿದರೆ ಯಾವ ದೇಶದಲ್ಲೂ ಕೆಲಸವಾಗುತ್ತದೆ. ಹೊರದೇಶದ ನಿಲ್ದಾಣಗಳ ಉಚಿತ ವೈಫೈ ಕೆಲವೆಡೆ ಮೊಬೈಲಿಗೆ ಬರುವ ಒಟಿಪಿ ಕೇಳುತ್ತದೆ. ರೋಮಿಂಗ್ ಇಲ್ಲದ ಸಿಮ್ಮಿಗೆ ಆ ಒಟಿಪಿ ಬರುವುದೇ ಇಲ್ಲ. ಕಡಿಮೆ ದಿನಗಳ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡೇ ಹೊರಡುವುದು ಒಳ್ಳೆಯದು.

ಇಳಿದ ಮೊದಲ ಹತ್ತು ನಿಮಿಷ

ವಿಮಾನ ಇಳಿಯುವ ಅರ್ಧ ಗಂಟೆ ಮೊದಲೇ ಶೌಚಾಲಯಕ್ಕೆ ಹೋಗಿಬನ್ನಿ, ಪಾದರಕ್ಷೆ ಹಾಕಿಕೊಳ್ಳಿ, ಪಾಸ್‌ಪೋರ್ಟ್ ಮತ್ತು ಮುಂದಿನ ಬೋರ್ಡಿಂಗ್ ಪಾಸನ್ನು ಕೈಗೆ ಸಿಗುವಲ್ಲಿ ಇಟ್ಟುಕೊಳ್ಳಿ, ಗಡಿಯಾರವನ್ನು ಆ ಊರಿನ ಗಂಟೆಗೆ ಹೊಂದಿಸಿ. ವಿಮಾನ ತಡವಾಗಿದ್ದರೆ ಗಗನಸಖಿಗೆ ಬೋರ್ಡಿಂಗ್ ಪಾಸ್ ತೋರಿಸಿ ಹೇಳಬೇಕು. ಸಮಯ ಕಡಿಮೆಯಿರುವವರನ್ನು ಮೊದಲು ಇಳಿಯಲು ಬಿಡುವ ಪರಿಪಾಠ ಅನೇಕ ಕಡೆ ಇದೆ.

ಇಳಿದ ಕೂಡಲೇ ನಡೆಯಲು ತೊಡಗಬೇಡಿ. ಒಂದು ಬದಿಗೆ ಸರಿದು ನಿಂತು ಮೊದಲ ಫಲಕವನ್ನು ಪೂರ್ತಿಯಾಗಿ ಓದಿ. ಟ್ರಾನ್ಸ್‌ಫರ್ಸ್, ಟ್ರಾನ್ಸಿಟ್, ಫ್ಲೈಟ್ ಕನೆಕ್ಷನ್ಸ್ ಎಂದಿರುವುದು ನಿಮ್ಮ ದಾರಿ. ಅರೈವಲ್ಸ್, ಬ್ಯಾಗೇಜ್ ಕ್ಲೇಮ್, ಎಕ್ಸಿಟ್ ಎಂದಿರುವುದು ಊರೊಳಗೆ ಹೋಗುವವರ ದಾರಿ. ಹೀಥ್ರೋದಲ್ಲಿ ಮುಂದಿನ ವಿಮಾನಕ್ಕೆ ಹೋಗುವವರ ಫಲಕಗಳು ನೇರಳೆ ಬಣ್ಣದಲ್ಲಿರುತ್ತವೆ.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಮೊದಲ ಪ್ರಯಾಣದಲ್ಲಿ ವಿಮಾನ ಐವತ್ತು ನಿಮಿಷ ತಡವಾಗಿ ಇಳಿಯಿತು. ನಮ್ಮೊಂದಿಗೆ ಬಂದವರಲ್ಲಿ ಹೆಚ್ಚಿನವರು ಅದೇ ಊರಿನಲ್ಲಿ ಕೆಲಸಕ್ಕಿದ್ದವರು. ಅವರೆಲ್ಲ ಒಂದೇ ದಿಕ್ಕಿಗೆ ಬೇಗ ಬೇಗ ಹೆಜ್ಜೆ ಹಾಕಿದರು, ನಾವೂ ಹಿಂಬಾಲಿಸಿದೆವು. ಹದಿನೈದು ನಿಮಿಷ ಸಾಲಿನಲ್ಲಿ ನಿಂತ ಮೇಲೆ, ಅದು ಆ ದೇಶದೊಳಗೆ ಹೋಗುವ ಇಮಿಗ್ರೇಷನ್ ಸಾಲು ಎಂಬ ಸಂಶಯ ಬಂದು ನಾವಿಬ್ಬರೂ ತುಳುವಿನಲ್ಲಿ ಮಾತಾಡಿಕೊಳ್ಳುತ್ತಿದ್ದಾಗ, ನೆಲ ಒರೆಸುತ್ತಿದ್ದ ಹುಡುಗನೊಬ್ಬ ಕೋಲು ನಿಲ್ಲಿಸಿ "ಓಡೆ ಪೋವೊಡು?" ಎಂದು ಕೇಳಿದ. ಎಲ್ಲಿಗೆ ಹೋಗಬೇಕೆಂದು ಅವನು ಕೇಳಿದ ಆ ಎರಡು ಪದಗಳು ಕಿವಿಗೆ ಬಿದ್ದಾಗ ಆದ ಸಮಾಧಾನವನ್ನು ಇಂದಿಗೂ ಮರೆತಿಲ್ಲ. ಬೋರ್ಡಿಂಗ್ ಪಾಸ್ ನೋಡಿದವನೇ ಬಂದ ದಾರಿಯಲ್ಲೇ ಹಿಂದೆ ಕಳುಹಿಸಿ, ಮೆಟ್ಟಿಲ ಮೇಲಿನ ಫಲಕವನ್ನು ತೋರಿಸಿದ. ಆ ಫಲಕದ ಕೆಳಗಿನಿಂದಲೇ ನಾವು ನಡೆದುಬಂದಿದ್ದೆವು. ಗೇಟು ಮುಚ್ಚುವ ಮೊದಲು ತಲುಪಿದೆವು. ಎಲ್ಲ ಕಡೆ ಇಂಥ ಹುಡುಗ ಸಿಗುತ್ತಾನೆಂದು ನಂಬಿ ಹೋಗಲಾಗದು. ಗುಂಪು ಹೋಗುವ ದಾರಿ ನಿಮ್ಮ ದಾರಿಯಾಗಿರಬೇಕಿಲ್ಲ.

ಫಲಕದ ನಂತರ ಹುಡುಕಬೇಕಾದದ್ದು ವಿಮಾನಗಳ ಪಟ್ಟಿಯಿರುವ ದೊಡ್ಡ ಪರದೆ. ಅದರಲ್ಲಿ ಊರಿನ ಹೆಸರನ್ನು ನೋಡಬೇಡಿ, ವಿಮಾನದ ಸಂಖ್ಯೆಯನ್ನು ನೋಡಿ. ಒಂದೇ ಊರಿಗೆ ಅರ್ಧ ಗಂಟೆಯ ಅಂತರದಲ್ಲಿ ಎರಡು ವಿಮಾನಗಳಿರಬಹುದು. ಇನ್ನೊಂದೆಡೆ, ಕಂಪನಿಗಳು ಪರಸ್ಪರ ಟಿಕೆಟ್ ಮಾರುವುದರಿಂದ ಒಂದೇ ವಿಮಾನಕ್ಕೆ ಎರಡು ಮೂರು ಸಂಖ್ಯೆಗಳಿದ್ದು, ಪರದೆಯ ಮೇಲೆ ಅವು ಸರದಿಯಂತೆ ಬದಲಾಗುತ್ತಿರುತ್ತವೆ. ನಿಮ್ಮ ಸಂಖ್ಯೆ ಕಾಣದಿದ್ದರೆ ಗಾಬರಿಯಾಗದೆ ಅರ್ಧ ನಿಮಿಷ ಅದೇ ಪರದೆಯನ್ನು ನೋಡುತ್ತಾ ನಿಲ್ಲಿ. ಬೋರ್ಡಿಂಗ್ ಪಾಸಿನಲ್ಲಿ ಮುದ್ರಿತವಾದ ಗೇಟು ಬದಲಾಗಿರಬಹುದು, ಪರದೆಯಲ್ಲಿರುವುದೇ ಸರಿ. ಅದನ್ನು ಪೆನ್ನಿನಿಂದ ಬೋರ್ಡಿಂಗ್ ಪಾಸಿನ ಮೇಲೆ ಬರೆದುಕೊಳ್ಳಿ.

ಗೇಟಿನ ಹೆಸರಿನಲ್ಲಿ ಮೊದಲು ಬರುವ ಅಕ್ಷರ ಕಟ್ಟಡದ ಭಾಗವನ್ನೂ ನಂತರದ ಅಂಕಿ ಗೇಟನ್ನೂ ಸೂಚಿಸುತ್ತದೆ. ದುಬೈಯ ಮೂರನೆಯ ಟರ್ಮಿನಲ್‌ನಲ್ಲಿ ಎ ವಿಭಾಗಕ್ಕೆ ಹೋಗಲು ಒಳಗೇ ಓಡುವ ರೈಲು ಹತ್ತಬೇಕು. ಫ್ರಾಂಕ್‌ಫರ್ಟಿನಲ್ಲೂ ಟರ್ಮಿನಲ್‌ಗಳ ನಡುವೆ ರೈಲು ಇದೆ. ರೈಲು, ಬಸ್ಸು ಎಂದ ಕೂಡಲೇ ನಿಲ್ದಾಣದ ಹೊರಗೆ ಹೋಗುತ್ತಿದ್ದೇವೋ ಏನೋ ಎಂಬ ಭಯ ಬೇಡ. ಇಮಿಗ್ರೇಷನ್ ದಾಟದಿದ್ದರೆ ನೀವಿನ್ನೂ ಒಳಗೇ ಇದ್ದೀರಿ.

ಭದ್ರತಾ ತಪಾಸಣೆಯ ಸಾಲು ಉದ್ದವಿದ್ದು ಗೇಟು ಮುಚ್ಚಲು ನಲವತ್ತು ನಿಮಿಷಕ್ಕಿಂತ ಕಡಿಮೆ ಉಳಿದಿದ್ದರೆ, ಸಾಲಿನ ಆರಂಭದಲ್ಲಿ ನಿಂತಿರುವ ಸಿಬ್ಬಂದಿಗೆ ಬೋರ್ಡಿಂಗ್ ಪಾಸಿನ ಗಂಟೆಯನ್ನು ಬೆರಳಿಟ್ಟು ತೋರಿಸಿ. ಬಹಳಷ್ಟು ನಿಲ್ದಾಣಗಳಲ್ಲಿ ಅಂಥವರನ್ನು ಪಕ್ಕದ ಸಾಲಿನಿಂದ ಬಿಡುತ್ತಾರೆ, ಆದರೆ ನಾವಾಗಿ ಕೇಳಬೇಕು. ನಮ್ಮವರು ಕೇಳಲು ಹಿಂಜರಿದು ಸುಮ್ಮನೆ ನಿಂತಿರುವುದನ್ನು ಕಂಡು ಹಲವು ಸಲ ಬೇಸರಗೊಂಡಿದ್ದೇನೆ.

ಗೇಟನ್ನು ಕಣ್ಣಾರೆ ಕಂಡು ಬಂದ ಬಳಿಕವೇ ತಿಂಡಿ, ಅಂಗಡಿ, ಫೋನು. ದೊಡ್ಡ ನಿಲ್ದಾಣಗಳಲ್ಲಿ ಹೆಸರು ಹಿಡಿದು ಕೂಗುವ ಪದ್ಧತಿಯನ್ನು ಕೈಬಿಡುತ್ತಿದ್ದಾರೆ. ಮಂಗಳೂರಿನ ಬಸ್ ನಿಲ್ದಾಣದಲ್ಲಿ ಉಡುಪಿ, ಕುಂದಾಪುರ ಎಂದು ಕಂಡಕ್ಟರು ಕರೆದಂತೆ ಇಲ್ಲಿ ಯಾರೂ ಕರೆಯುವುದಿಲ್ಲ. ಕುಳಿತಲ್ಲಿಂದ ಪರದೆ ಕಾಣಿಸುವಂತಿರಬೇಕು, ಹೊರಡುವ ಒಂದು ಗಂಟೆ ಮೊದಲು ಗೇಟಿನಲ್ಲಿರಬೇಕು, ಗೇಟು ಬದಲಾಗಿದೆಯೇ ಎಂದು ಆಗಾಗ ನೋಡುತ್ತಿರಬೇಕು.

ವಿಮಾನ ತಪ್ಪಿಹೋದರೆ

ಒಂದೇ ಟಿಕೆಟಿನವರಾದರೆ ಧೈರ್ಯಗುಂದುವ ಕಾರಣವಿಲ್ಲ. ಹೊರಗೆ ಹೋಗದೆ, ಹೊಸ ಟಿಕೆಟ್ ಕೊಳ್ಳದೆ, ನೇರವಾಗಿ ಆ ಕಂಪನಿಯ ಟ್ರಾನ್ಸ್‌ಫರ್ ಕೌಂಟರಿಗೆ ಹೋಗಿ. ಸಾಲಿನಲ್ಲಿ ನಿಂತಿರುವಾಗಲೇ ಮಕ್ಕಳಿಗೆ ಫೋನ್ ಮಾಡಿ, ಅವರು ಕಂಪನಿಯ ಸಹಾಯವಾಣಿಗೆ ಕರೆ ಮಾಡಲಿ. ಎರಡರಲ್ಲಿ ಯಾವುದು ಮೊದಲು ಫಲಿಸುತ್ತದೋ ಅದು. ಹೊಸ ಬೋರ್ಡಿಂಗ್ ಪಾಸ್ ಕೈಗೆ ಬಂದ ಮೇಲೆ ಲಗೇಜು ಅದೇ ವಿಮಾನಕ್ಕೆ ಬರುತ್ತದೆಯೇ, ಊಟದ ಕೂಪನ್ ಇದೆಯೇ, ರಾತ್ರಿ ಉಳಿಯಬೇಕಾದರೆ ಕೊಠಡಿ ಕೊಡುತ್ತಾರೆಯೇ ಎಂಬುದನ್ನು ಕೇಳಿ. ಯುರೋಪಿಯನ್ ಒಕ್ಕೂಟದ ನಿಲ್ದಾಣದಿಂದ ಹೊರಟ ಪ್ರಯಾಣದಲ್ಲಿ ಕಂಪನಿಯ ಕಾರಣದಿಂದಲೇ ಕೊನೆಯ ಊರಿಗೆ ಮೂರು ಗಂಟೆ ಅಥವಾ ಹೆಚ್ಚು ತಡವಾಗಿ ತಲುಪಿದರೆ, 2004ರ 261ನೆಯ ನಿಯಮದಂತೆ ದೂರಕ್ಕೆ ತಕ್ಕಂತೆ 250ರಿಂದ 600 ಯುರೋವರೆಗೆ ಪರಿಹಾರ ಪಡೆಯುವ ಹಕ್ಕಿದೆ. ಹಾಗಾಗಿ ಬೋರ್ಡಿಂಗ್ ಪಾಸುಗಳನ್ನು ಎಸೆಯದೆ ಇಟ್ಟುಕೊಳ್ಳಿ. ಸಿಟ್ಟಿನಿಂದ ಒಂದು ವಿಮಾನವನ್ನು ಬಿಟ್ಟು ಬೇರೆ ದಾರಿಯಲ್ಲಿ ಹೋಗುವುದು ಅಪಾಯಕರ. ಟಿಕೆಟಿನ ಒಂದು ಭಾಗವನ್ನು ಬಳಸದಿದ್ದರೆ ಹಿಂದಿರುಗುವ ವಿಮಾನವೂ ಸೇರಿ ಉಳಿದವೆಲ್ಲ ರದ್ದಾಗಬಹುದು.

ನೀವು ತಲುಪಿ ಲಗೇಜು ತಲುಪದಿದ್ದರೆ, ಬೆಲ್ಟಿನ ಕೋಣೆಯಿಂದ ಹೊರಬರುವ ಮೊದಲೇ ಅಲ್ಲಿನ ಕೌಂಟರಿನಲ್ಲಿ ಬರಹದ ದೂರು ಕೊಟ್ಟು ಅದರ ಸಂಖ್ಯೆ ಪಡೆಯಬೇಕು. 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿದೆ. ಅದರಂತೆ ಲಗೇಜು ಹಾಳಾಗಿದ್ದರೆ ಕೈಗೆ ಬಂದ ಏಳು ದಿನಗಳೊಳಗೆ, ತಡವಾಗಿ ಬಂದಿದ್ದರೆ ಇಪ್ಪತ್ತೊಂದು ದಿನಗಳೊಳಗೆ ಕಂಪನಿಗೆ ಬರೆದು ತಿಳಿಸಬೇಕು.

ಹಿಂದಿರುಗುವಾಗ ಕ್ರಮ ಸ್ವಲ್ಪ ಬದಲಾಗುತ್ತದೆ. ಬೆಂಗಳೂರು ಅಥವಾ ಮುಂಬಯಿಯ ಮೂಲಕ ಮಂಗಳೂರಿಗೆ ಬರುವವರು ಸಾಮಾನ್ಯವಾಗಿ ಭಾರತದ ಮೊದಲ ನಿಲ್ದಾಣದಲ್ಲೇ ಲಗೇಜು ಎತ್ತಿಕೊಂಡು, ಕಸ್ಟಮ್ಸ್ ದಾಟಿ, ದೇಶದೊಳಗಿನ ವಿಮಾನಕ್ಕೆ ಮತ್ತೆ ಒಪ್ಪಿಸಬೇಕು. ಟ್ಯಾಗಿನಲ್ಲಿ ಐಎಕ್ಸ್‌ಇ ಎಂದು ಬರೆದಿದೆಯೆಂದು ಬೆಲ್ಟಿನತ್ತ ನೋಡದೆ ಬಂದವರ ಲಗೇಜು ಬೆಂಗಳೂರಿನಲ್ಲೇ ಉಳಿದುಬಿಡಬಹುದು. ಮಳೆಗಾಲದಲ್ಲಿ ಬರುವುದಾದರೆ ಅಲ್ಲಿಂದ ಮಂಗಳೂರಿಗೆ ಹೊರಡುವ ದಿನದ ಕೊನೆಯ ವಿಮಾನವನ್ನು ಆರಿಸಿಕೊಳ್ಳಬೇಡಿ. ಅದು ಇಳಿಯಲಾರದೆ ಹಿಂದಿರುಗಿದರೆ ಆ ರಾತ್ರಿ ಊರು ತಲುಪಲು ಬೇರೆ ವಿಮಾನವಿರುವುದಿಲ್ಲ.